ಎತ್ತಿಗೊಂದು ಸೋಮವಾರ

ಸಂಸ್ಥೆಯೊಂದರ ಮುಖ್ಯಸ್ಥನಾದವನು ತನ್ನ ಜೊತೆಗೆ ದುಡಿಯುವವರ ಕೆಲಸಕ್ಕೂ ಬಾಳುವೆಗೂ ನಡುವೆ ಸಮತೂಕ ಉಳಿಯುವಂತೆ ಹೇಗೆ ನಡೆದುಕೊಳ್ಳಬಹುದು ಎಂಬುದು ಈ ಹೊತ್ತು ನಾನು ಎತ್ತಿಕೊಂಡಿರುವ ವಿಷಯ. ಆಡಳಿತಶಾಸ್ತ್ರವನ್ನು ನಾನು ಓದಿದವನಲ್ಲ. ಕನ್ನಡ ಎಂ.ಎ. ಮಾಡಿ, ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿ, ಕೊನೆಯ ಕೆಲವು ವರ್ಷ ಪ್ರಾಂಶುಪಾಲನ ಕುರ್ಚಿಯಲ್ಲಿ ಕುಳಿತು ಎದ್ದುಬಂದವನು. ಆ ಕುರ್ಚಿಯಲ್ಲಿ ಮಾಡಿದ ತಪ್ಪುಗಳೇ ಈ ವಿಷಯದಲ್ಲಿ ನನಗಿರುವ ಅರ್ಹತೆ ಎಂದು ತಿಳಿದು ಮಾತನ್ನು ಆರಂಭಿಸುತ್ತೇನೆ.

ನಾನು ಹುಟ್ಟಿದ್ದು ಮಧುಗಿರಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ಮಳೆ ನಂಬಿದ ಬೇಸಾಯ. ಕಡಲೆಕಾಯಿ, ರಾಗಿ, ಒಂದಿಷ್ಟು ತೊಗರಿ. ಮನೆಯಲ್ಲಿ ಒಂದು ಜೊತೆ ಎತ್ತುಗಳಿದ್ದವು. ಸೋಮವಾರದ ದಿನ ನಮ್ಮ ತಂದೆಯವರು ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನ ವಾರ. ಆ ದಿನ ಎತ್ತು ಹೂಡಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಪಕ್ಕದ ಹೊಲದವರು ಹೂಡಿದರೆ ಊರಿನವರು ನಾಲ್ಕು ಮಾತು ಆಡುತ್ತಿದ್ದರು. ಇದು ಭಕ್ತಿಯೋ ವಿವೇಕವೋ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಈಗ ಯೋಚಿಸಿದರೆ, ಎತ್ತು ತನಗೆ ದಣಿವಾಯಿತೆಂದು ಅರ್ಜಿ ಬರೆಯಲಾರದು ಎಂಬುದನ್ನು ಬಲ್ಲ ಹಿರಿಯರು, ಅರ್ಜಿಗೆ ಕಾಯದೆ ಅದರ ರಜೆಯನ್ನು ವಾರದ ಲೆಕ್ಕದಲ್ಲಿಯೇ ಸೇರಿಸಿಬಿಟ್ಟಿದ್ದರು ಎಂದು ತೋರುತ್ತದೆ. ಬೇಡುವವನ ಬಾಯಿಗೆ ಬಿಡದೆ, ನೊಗ ಹೂಡುವವನ ಕರ್ತವ್ಯವೆಂದು ಅದನ್ನು ಗೊತ್ತುಮಾಡಿದ್ದರು. ನಾನು ಹೇಳಬೇಕಾದ ಮಾತಿನ ತಿರುಳೆಲ್ಲ ಇಷ್ಟರಲ್ಲಿಯೇ ಇದೆ. ಆದರೆ ಇದನ್ನು ತಿಳಿಯಲು ನನಗೆ ನಲವತ್ತೈದು ವರ್ಷ ವಯಸ್ಸಾಗಬೇಕಾಯಿತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಒಂದು ಉಪವಿಭಾಗ. ಶಾಲಾ ಇಲಾಖೆಯ ಲೆಕ್ಕದಲ್ಲಿ ಇವೇ ನಾಲ್ಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿಯ ಶಾಲೆ, ಕಾಲೇಜು, ಕಚೇರಿಗಳಲ್ಲಿ ದುಡಿಯುವ ಬಹುಮಂದಿಯ ಬಾಳು ಎರಡು ಗಡಿಯಾರಗಳನ್ನು ಅನುಸರಿಸುತ್ತದೆ: ಒಂದು ಕಚೇರಿಯದು, ಇನ್ನೊಂದು ಬಸ್ಸಿನದು. ಕೊರಟಗೆರೆಯಲ್ಲಿ ಕೆಲಸ, ತುಮಕೂರಿನಲ್ಲಿ ಮನೆ. ಪಾವಗಡದಲ್ಲಿ ಕೆಲಸ, ಮಧುಗಿರಿಯಲ್ಲಿ ಮನೆ. ಮೂರು ಕಡೆ ಆಂಧ್ರದ ನೆಲ ಸುತ್ತುವರಿದಿರುವ ಪಾವಗಡದಿಂದ ಜಿಲ್ಲಾ ಕೇಂದ್ರವಾದ ತುಮಕೂರಿಗೆ ನೂರು ಕಿಲೋಮೀಟರಿನಷ್ಟು ದಾರಿ. ಬೆಂಗಳೂರಿನ ಕಚೇರಿಯಲ್ಲಿ ಅರ್ಧ ಗಂಟೆ ತಡವಾದರೆ ಅರ್ಧ ಗಂಟೆಯೇ ತಡವಾದೀತು. ಇಲ್ಲಿ ಅರ್ಧ ಗಂಟೆ ತಡವಾದರೆ ಬಸ್ಸು ಹೋಗಿರುತ್ತದೆ. ಮುಂದಿನ ಬಸ್ಸಿಗೆ ಕಾಯುವುದು, ಊರು ಸೇರಿ ಅಲ್ಲಿಂದ ಮನೆಗೆ ನಡೆಯುವುದು, ಅಷ್ಟರಲ್ಲಿ ಮಗು ಮಲಗಿರುವುದು, ಹೀಗೆ ಆ ಅರ್ಧ ಗಂಟೆ ಒಂದು ಇಡೀ ಸಂಜೆಯನ್ನು ನುಂಗಿಬಿಡುತ್ತದೆ. ಮೇಜಿನ ಹಿಂದೆ ಕುಳಿತು "ಒಂದು ಹತ್ತು ನಿಮಿಷ ಇದ್ದು ಹೋಗಿ" ಎನ್ನುವವನಿಗೆ ಇದು ಕಾಣುವುದಿಲ್ಲ. ನನಗೂ ಕಾಣಿಸಿರಲಿಲ್ಲ.

ಇಪ್ಪತ್ತು ವರ್ಷಗಳ ಹಿಂದಿನ ಸಂಗತಿ. ಈ ಸೀಮೆಯ ಒಂದು ಕಾಲೇಜಿನಲ್ಲಿ ನಾನು ಪ್ರಭಾರ ಪ್ರಾಂಶುಪಾಲನಾಗಿದ್ದೆ. ಕಾಲೇಜಿನ ಗುಣಮಟ್ಟವನ್ನು ಅಳೆಯುವುದಕ್ಕೆ ನ್ಯಾಕ್ ತಂಡ ಬರುವುದಿತ್ತು. ಅದಕ್ಕಾಗಿ ನೂರಾರು ಪುಟಗಳ ವರದಿ ಸಿದ್ಧವಾಗಬೇಕು. ಹಳೆಯ ಹಾಜರಿ ಪುಸ್ತಕಗಳಿಂದ ಹಿಡಿದು ಗಿಡ ನೆಟ್ಟ ಲೆಕ್ಕದವರೆಗೆ ಎಲ್ಲವೂ ಕಾಗದಕ್ಕೆ ಇಳಿಯಬೇಕು. ಅಧ್ಯಾಪಕರಲ್ಲಿ ಒಬ್ಬ ಮಹಿಳೆ ತುಮಕೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅಚ್ಚುಕಟ್ಟಾದ ಬರವಣಿಗೆ, ಒಪ್ಪಿಕೊಂಡ ಕೆಲಸವನ್ನು ಹೊತ್ತಿಗೆ ಮುಗಿಸುವ ಶಿಸ್ತು, ಎಲ್ಲಕ್ಕೂ ಮಿಗಿಲಾಗಿ, ಆಗುವುದಿಲ್ಲ ಎಂದು ಹೇಳಲಾರದ ಸ್ವಭಾವ. ಕೆಲಸಗಳ್ಳರಿಗೆ ಕೆಲಸ ಹೇಳಿ ವಾದಕ್ಕೆ ನಿಲ್ಲುವುದಕ್ಕಿಂತ ಇವರಿಗೆ ಹೇಳುವುದು ಸುಲಭವಾಗಿತ್ತು. ಒಳ್ಳೆಯ ಎತ್ತಿಗೇ ಹೇರು ಹೆಚ್ಚು. ಸತತವಾಗಿ ಮೂರು ಭಾನುವಾರ ಅವರನ್ನು ಕರೆಸಿಕೊಂಡೆ.

ಮೂರನೆಯ ಭಾನುವಾರ ಸಂಜೆ ಆರು ಗಂಟೆ. ನನ್ನ ಕೊಠಡಿಯಲ್ಲಿ ಕುಳಿತು ಅವರು ಬರೆದುಕೊಟ್ಟ ಪುಟಗಳಲ್ಲಿ ಅಲ್ಪವಿರಾಮಗಳನ್ನು ತಿದ್ದುತ್ತಿದ್ದೆ. ಕನ್ನಡ ಮೇಷ್ಟರ ಚಟ ಅದು. ಕಾಲೇಜಿನ ಅಟೆಂಡರ್ ಚಹಾ ತಂದಿಟ್ಟು ಹೋಗದೆ ನಿಂತರು. ನನಗಿಂತ ವಯಸ್ಸಿನಲ್ಲಿ ಹಿರಿಯರು, ಶಿರಾ ಕಡೆಯ ಬೇಸಾಯದ ಮನೆಯವರು. ಏನೆಂದು ಕೇಳಿದೆ.

"ತಪ್ಪು ತಿಳ್ಕಬ್ಯಾಡಿ ಸಾರ್. ನಮ್ಮೂರಾಗೆ ಎತ್ತಿಗೂ ಒಂದು ಸ್ವಾಮ್ವಾರ ಐತೆ. ಆ ಮೇಡಮ್ಮೋರಿಗೆ ಅದೂ ಇಲ್ವಲ್ಲ ಸಾರ್" ಎಂದರು.

ನನಗೆ ಮೊದಲು ಬಂದದ್ದು ಕೋಪ. "ನಾನೇನು ಮನೆಯಲ್ಲಿ ಮಲಗಿದ್ದೇನೆಯೆ? ನಾನೂ ಬಂದಿಲ್ಲವೆ?" ಎಂದೆ. ಅವರು ಮರುಮಾತಾಡದೆ ಹೊರಟುಹೋದರು. ಕೋಪವಿಳಿಯಲೆಂದು ಎದ್ದು ಪಡಸಾಲೆಯಲ್ಲಿ ನಡೆದೆ. ಅಧ್ಯಾಪಕರ ಕೊಠಡಿಯಲ್ಲಿ ಆಕೆ ಒಂದು ಕೈಯಲ್ಲಿ ಲೆಕ್ಕದ ಹಾಳೆ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮಗಳಿಗೆ ಕಾಗೆ ಗುಬ್ಬಿಯ ಕಥೆ ಹೇಳುತ್ತಿದ್ದರು. ಅಜ್ಜಿಯ ಕೈತುತ್ತು ಒಳಗೆ ಹೋಗಬೇಕಾದರೆ ಅತ್ತ ತಾಯಿಯ ದನಿ ಕೇಳಬೇಕು; ನಾಲ್ಕು ವರ್ಷದ ಮಗು. ನಾನು ಒಳಗೆ ಹೋಗದೆ ಹಿಂದಿರುಗಿದೆ.

"ನಾನೂ ಬಂದಿಲ್ಲವೆ?" ಎಂದು ಅಟೆಂಡರನ್ನು ಕೇಳಿದ್ದೆನಲ್ಲ, ಆ ಪ್ರಶ್ನೆಗೆ ನಿಜವಾದ ಉತ್ತರ ನನಗೆ ಆ ರಾತ್ರಿ ಮನೆಯಲ್ಲಿ ಸಿಕ್ಕಿತು. ಬಿಸಿ ಅನ್ನ ಬಡಿಸಿಟ್ಟಿತ್ತು. ಮಕ್ಕಳ ಓದು ಮುಗಿದಿತ್ತು. ಮರುದಿನಕ್ಕೆ ನನ್ನ ಬಟ್ಟೆ ಇಸ್ತ್ರಿಯಾಗಿ ಕುರ್ಚಿಯ ಮೇಲಿತ್ತು. ಭಾನುವಾರ ಕಾಲೇಜಿಗೆ ಹೋದದ್ದರಿಂದ ನಾನು ಕಳೆದುಕೊಂಡದ್ದು ಏನೂ ಇರಲಿಲ್ಲ. ಏಕೆಂದರೆ ನನ್ನ ಮನೆಯ ಪಾಲಿನ ದುಡಿಮೆಯನ್ನೆಲ್ಲ ನನ್ನ ಹೆಂಡತಿ ಹೊತ್ತಿದ್ದಳು. ನಾನು ದಕ್ಷತೆಯೆಂದು ಹೆಮ್ಮೆಪಡುತ್ತಿದ್ದುದು ಅವಳಿಂದ ಪಡೆದ ಸಾಲ. ಆ ಸಾಲದ ಬಲದಲ್ಲಿ ನಾನು, ಅಂಥ ಸಾಲ ಎಲ್ಲಿಯೂ ದೊರೆಯದ ಇನ್ನೊಬ್ಬ ಹೆಣ್ಣುಮಗಳಿಗೆ ನನ್ನ ವೇಗವನ್ನು ವಿಧಿಸುತ್ತಿದ್ದೆ.

ವರದಿ ಚೆನ್ನಾಗಿ ಬಂತು. ತಂಡದವರೂ ಮೆಚ್ಚಿದರು. ಮುಂದಿನ ವರ್ಷ ಆಕೆ ವರ್ಗಾವಣೆಗೆ ಅರ್ಜಿ ಕೊಟ್ಟರು. ಕಾರಣ ಎಂಬ ಕಲಮಿನಲ್ಲಿ ಕೌಟುಂಬಿಕ ಎಂದು ಬರೆದಿದ್ದರು. ಕಾರಣ ನಾನೆಂಬುದು ನನಗೆ ಗೊತ್ತಿತ್ತು. ಶಿಫಾರಸು ಬರೆದು ಸಹಿ ಹಾಕಿದೆ. ಆ ವರ್ಷದ ಹುಡುಗರು ಒಳ್ಳೆಯ ಉಪಾಧ್ಯಾಯಿನಿಯೊಬ್ಬರನ್ನು ಕಳೆದುಕೊಂಡರು. ಗುಣಮಟ್ಟದ ವರದಿಯಲ್ಲಿ ಆ ನಷ್ಟವನ್ನು ನಮೂದಿಸುವ ಕಲಮು ಇರಲಿಲ್ಲ.

ಕೇಳುಗರೇ, ದುಡಿಯುವವನಿಗೆ ಬಿಡುವು ಬೇಕೆಂಬುದು ಈಚಿನ ಕಾಲದ ಮೃದು ಮನಸ್ಸಿನವರು ಕಂಡುಹಿಡಿದದ್ದಲ್ಲ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕಿನಲ್ಲಿ ಹತ್ತಿಯ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವನ್ ಎಂಬಾತ, ಅಮೆರಿಕದ ಹತ್ತಿ ಬರುವುದು ನಿಂತು ಗಿರಣಿಯನ್ನು ನಾಲ್ಕು ತಿಂಗಳು ಮುಚ್ಚಬೇಕಾಗಿ ಬಂದಾಗ ಕೆಲಸಗಾರರಿಗೆ ಪೂರ್ತಿ ಸಂಬಳ ಕೊಟ್ಟ. ಆವರೆಗೆ ಅವನನ್ನು ಸಂಶಯದಿಂದ ನೋಡುತ್ತಿದ್ದ ಕೆಲಸಗಾರರು ಆ ಮೇಲೆ ಅವನನ್ನು ನಂಬಿದರು. ಇದು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದ ಮಾತು. ಮುಂದೆ ದಿನಕ್ಕೆ ಎಂಟು ಗಂಟೆಯ ದುಡಿಮೆ ಸಾಕೆಂದು ವಾದಿಸಿದವನೂ ಅವನೇ. ನಮ್ಮ ದೇಶದಲ್ಲಿ ಮುಂಬಯಿಯ ಗಿರಣಿ ಕೆಲಸಗಾರರಿಗಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 1890ರಲ್ಲಿ ವಾರಕ್ಕೊಂದು ದಿನದ ರಜೆ ದೊರೆಯಿತು. ನಾವು ನಿಶ್ಚಿಂತೆಯಿಂದ ಎಣ್ಣೆಸ್ನಾನ ಮಾಡುವ ಭಾನುವಾರದ ಹಿಂದೆ ಇಂಥ ಹೋರಾಟವೊಂದಿದೆ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಗಳ ಮಿತಿ ಹಾಕಿತು. ಐದು ಗಂಟೆ ದುಡಿಯುವುದರೊಳಗೆ ಅರ್ಧ ಗಂಟೆಯ ಬಿಡುವಿರಬೇಕೆಂದಿತು. ಮೂವತ್ತಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಾರ್ಖಾನೆಯಲ್ಲಿ ಅವರ ಕೂಸುಗಳಿಗೊಂದು ಕೊಠಡಿ ಬೇಕೆಂದಿತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದಿದೆ. 48 ಗಂಟೆಗಳ ಲೆಕ್ಕ ಉಳಿದಿದೆ. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ 180 ದಿನಗಳ ಶಿಶುಪಾಲನಾ ರಜೆಯನ್ನು ಕೊಟ್ಟಿತು.

ಕಾನೂನು ಕೊಡಬಹುದಾದದ್ದು ಇಷ್ಟು. ಆದರೆ ರಜೆಯ ಅರ್ಜಿ ಕೊನೆಗೆ ಬರುವುದು ಒಬ್ಬ ಮನುಷ್ಯನ ಮೇಜಿಗೆ. ಆತ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಈಗಲೇ ಬೇಕಾಗಿತ್ತೆ? ಮನೆಯಲ್ಲಿ ಬೇರೆ ಯಾರೂ ಇಲ್ಲವೆ?" ಎಂದು ನಾಲ್ವರ ಎದುರಿಗೆ ಕೇಳಿದರೆ, ಅರ್ಜಿ ಮಂಜೂರಾದರೂ ರಜೆ ಕೆಟ್ಟಿತು. ಮುಂದಿನ ಸಲ ಆಕೆ ಜ್ವರದ ಮಗುವನ್ನು ಬಿಟ್ಟೇ ಬರುತ್ತಾರೆ. ಹಕ್ಕನ್ನು ಕಾನೂನು ಕೊಟ್ಟೀತು. ಅದನ್ನು ಅಂಜಿಕೆಯಿಲ್ಲದೆ ಬಳಸಿಕೊಳ್ಳುವ ಧೈರ್ಯವನ್ನು ಕೊಡಬೇಕಾದವನು ಮುಖ್ಯಸ್ಥ.

ಆ ಭಾನುವಾರದ ನಂತರ ನಾನು ಮಾಡಿದ ಬದಲಾವಣೆಗಳು ಬಹಳ ಸಣ್ಣವು. ಮೊದಲನೆಯದು, ಬಸ್ಸಿನ ವೇಳಾಪಟ್ಟಿಯೊಂದನ್ನು ತರಿಸಿ ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟೆ. ಸಭೆ ಕರೆಯುವ ಮುಂಚೆ ಅದನ್ನು ನೋಡುತ್ತಿದ್ದೆ. ಸಭೆಗಳು ಊಟದ ವೇಳೆಗೆ ಮುನ್ನ ಮುಗಿಯತೊಡಗಿದವು. ಆಶ್ಚರ್ಯವೆಂದರೆ, ಮೊದಲಿಗಿಂತ ಬೇಗನೆ ಮುಗಿಯತೊಡಗಿದವು. ಎರಡನೆಯದು, ಸಂಜೆ ಗಂಟೆ ಹೊಡೆದ ಕೂಡಲೆ ಎಲ್ಲರಿಗಿಂತ ಮೊದಲು ನಾನೇ ಕೊಠಡಿಗೆ ಬೀಗ ಹಾಕಿಸಿ ಹೊರಡತೊಡಗಿದೆ. ನಾನು ಕುಳಿತಿದ್ದರೆ "ನೀವು ಹೋಗಿ" ಎಂದು ಬಾಯಲ್ಲಿ ಹೇಳಿದ್ದು ಯಾರ ಕಿವಿಗೂ ಬೀಳದು. ಮೇಷ್ಟರು ತರಗತಿಯಲ್ಲಿದ್ದರೆ ಗಂಟೆಯಾದರೂ ಹುಡುಗರು ಏಳುವುದುಂಟೆ? ಮೂರನೆಯದು, ಪಾಠದ ಹೊರಗಿನ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಯಾರ ಪಾಲಿಗೆ ಎಷ್ಟು ಎಂಬುದನ್ನು ಅಧ್ಯಾಪಕರ ಕೊಠಡಿಯಲ್ಲಿ ಅಂಟಿಸಿದೆ. ಆ ಹಾಳೆಯನ್ನು ನೋಡಿ ಮೊದಲು ನಾಚಿದವನು ನಾನು. ಹದಿನೆಂಟು ಜನರ ಕೆಲಸ ಐದು ಹೆಸರುಗಳ ಮುಂದೆ ನಿಂತಿತ್ತು. ಹಂಚುವಾಗ ಜಗಳವಾಯಿತು. ಒಂದಿಬ್ಬರು ತಿಂಗಳುಗಟ್ಟಲೆ ನನ್ನೊಡನೆ ಮಾತು ಬಿಟ್ಟರು. ಮುಖ್ಯಸ್ಥನಾದವನು ಪಡೆಯುವ ಹೆಚ್ಚಿನ ಸಂಬಳ ಈ ಜಗಳಕ್ಕಾಗಿಯೇ ಎಂದು ತಿಳಿದು ಸುಮ್ಮನಾದೆ.

ಇಲ್ಲಿ ಒಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಪಾವಗಡದ ಕಡೆಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯ. ನನ್ನ ಉಪದೇಶವನ್ನೆಲ್ಲ ಕೇಳಿಸಿಕೊಂಡು ಅವನು ಹೇಳಿದ: "ಸಾರ್, ನಮ್ಮ ಮಕ್ಕಳ ಮನೆಯಲ್ಲಿ ಓದಿಸುವವರಿಲ್ಲ. ಟ್ಯೂಷನ್ನಿಗೆ ಕಳಿಸುವ ಶಕ್ತಿಯಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ವಿಶೇಷ ತರಗತಿ ಮಾಡದಿದ್ದರೆ ಅವರು ನಪಾಸಾಗುತ್ತಾರೆ. ನಾನು ಮೇಷ್ಟರ ಸಂಜೆಯನ್ನು ಉಳಿಸಲೋ ಮಗುವಿನ ವರ್ಷವನ್ನು ಉಳಿಸಲೋ?"

ಅವನ ಸಂಕಟ ನಿಜವಾದದ್ದು. 2023ರಲ್ಲಿ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಸುಮಾರು ಶೇಕಡ 84 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾದ ಕಣ್ಗಾವಲು ಬಂದ ಮೇಲೆ, ಹೆಚ್ಚಿನ ಕೃಪಾಂಕ ಕೊಟ್ಟೂ, ಅದು 73ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ 66ರ ಸಮೀಪಕ್ಕೆ ಬಂತು. ಶೇಕಡಾವಾರು ಇಳಿದಾಗಲೆಲ್ಲ ಮೇಲಿನಿಂದ ಸುತ್ತೋಲೆಗಳು ಇಳಿಯುತ್ತವೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಾದ್ದರಿಂದ ಬೇಸಿಗೆಯ ರಜೆಯೂ ಮೊದಲಿನ ರಜೆಯಾಗಿ ಉಳಿದಿಲ್ಲ. 2025ರ ದಸರೆಯಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಉಪಾಧ್ಯಾಯರು ಮನೆಮನೆ ತಿರುಗಿದರು. ಸೆಪ್ಟೆಂಬರ್ 22ಕ್ಕೆ ಮೊದಲಾದ ಕೆಲಸ ಮುಗಿಯದೆ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ರಜೆ ಎಂಬುದು ಮಕ್ಕಳಿಗೆ; ಮೇಷ್ಟರಿಗೆ ಅದು ಇನ್ನೊಂದು ಬಗೆಯ ಕೆಲಸದ ದಿನ. ಇಷ್ಟರ ಮೇಲೆ ರಾತ್ರಿ ಹತ್ತಕ್ಕೆ ವಾಟ್ಸಾಪ್ ಗುಂಪಿನಲ್ಲಿ "ನಾಳೆ ಒಂಬತ್ತರೊಳಗೆ ಮಾಹಿತಿ ಸಲ್ಲಿಸತಕ್ಕದ್ದು" ಎಂಬ ಸಂದೇಶ. ಕೆಲಸದ ಹೊತ್ತು ಮೀರಿದ ಮೇಲೆ ನೌಕರನು ಇಂಥ ಕರೆಗಳಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ ದೇಶ 2017ರಿಂದ ಕಾನೂನಿನಲ್ಲಿಯೇ ಸೇರಿಸಿದೆ. ನಮ್ಮ ಮುಖ್ಯೋಪಾಧ್ಯಾಯರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ರಾತ್ರಿ ಹತ್ತಕ್ಕೆ ತನಗೆ ಬಂದ ಸಂದೇಶವನ್ನು ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಉಳಿದವರಿಗೆ ತಿಳಿಸಿದರೆ ಸಾಕು. ಅಷ್ಟು ಹೊತ್ತು ಆ ಭಾರ ತನ್ನೊಬ್ಬನ ತಲೆಯ ಮೇಲಿರಲಿ. ಮೇಲಿನಿಂದ ಸುರಿಯುವ ಮಳೆಗೆ ಮುಖ್ಯಸ್ಥನು ಕೊಡೆಯಾಗಬೇಕು. ಬಿದ್ದ ನೀರನ್ನೆಲ್ಲ ಕೆಳಗೆ ಹಾಯಿಸುವ ದೋಣಿಯಾಗಬಾರದು.

ವಿಶೇಷ ತರಗತಿಯ ಪ್ರಶ್ನೆಗೆ ನಾನು ಅವನಿಗೆ ನಮ್ಮ ತಂದೆಯವರ ಬೇಸಾಯವನ್ನೇ ನೆನಪಿಸಿದೆ. ಭೂಮಿ ಹದಕ್ಕೆ ಬಂದಾಗ ಹೊತ್ತು ನೋಡಿದರೆ ಬಿತ್ತನೆ ಕೆಡುತ್ತದೆ. ಅಂಥ ದಿನಗಳಲ್ಲಿ ಎತ್ತಿಗೂ ಆಳಿಗೂ ಮನೆಯವರಿಗೂ ಬಿಡುವಿಲ್ಲ. ಆದರೆ ಆಗಲೂ ಸೋಮವಾರ ಸೋಮವಾರವೇ. ಬಿತ್ತನೆ ಮುಗಿದ ಮೇಲೆ ಎತ್ತಿಗೆ ಹುರುಳಿ ನುಚ್ಚು ಹೆಚ್ಚು, ಮೇಯಲು ಬಿಡುವ ದಿನಗಳೂ ಹೆಚ್ಚು. ಸಮತೂಕವೆಂದರೆ ಪ್ರತಿದಿನವೂ ತಕ್ಕಡಿ ಹಿಡಿದು ತೂಗುವುದಲ್ಲ. ವರ್ಷದ ಲೆಕ್ಕದಲ್ಲಿ ಬಾಕಿ ಉಳಿಸಿಕೊಳ್ಳದಿರುವುದು. ಪರೀಕ್ಷೆಯ ಮುಂಚಿನ ಎರಡು ತಿಂಗಳು ನಮಗೆ ಬಿತ್ತನೆಯ ಹದ ಎಂದು ಉಪಾಧ್ಯಾಯರಿಗೆ ಮೊದಲೇ ತಿಳಿಸು. ಬೆಳಗಿನ ತರಗತಿಯನ್ನು ಊರಿನಲ್ಲಿಯೇ ವಾಸವಿರುವವರು, ಸಂಜೆಯದನ್ನು ತಡವಾದ ಬಸ್ಸಿರುವವರು ಸರದಿಯಂತೆ ಹಂಚಿಕೊಳ್ಳಲಿ. ನಿನ್ನ ಹೆಸರನ್ನೂ ಸರದಿಯಲ್ಲಿ ಬರೆದುಕೊ. ಹದ ಕಳೆದ ಮೇಲೆ ಆ ಗಂಟೆಗಳನ್ನು ತೀರಿಸು. ಜೂನ್ ತಿಂಗಳಿನಲ್ಲಿಯೂ ಮಾರ್ಚಿಯ ಅವಸರವನ್ನು ಹೇರಿದರೆ ಮಾರ್ಚಿ ಬರುವ ವೇಳೆಗೆ ಎತ್ತು ಮಲಗಿರುತ್ತದೆ. ದಣಿದ ಮೇಷ್ಟರ ಎರಡು ಗಂಟೆಗಿಂತ ಉಲ್ಲಾಸದಿಂದಿರುವ ಮೇಷ್ಟರ ಮುಕ್ಕಾಲು ಗಂಟೆ ಮಗುವಿಗೆ ಹೆಚ್ಚು ದಕ್ಕುತ್ತದೆ ಎಂಬುದು ನಿನಗೇ ಗೊತ್ತು. ನೀನೂ ಎರಡೂ ಬಗೆಯ ಮೇಷ್ಟರ ಬಳಿ ಓದಿದವನು ಎಂದೆ. ಅವನು ನಕ್ಕನು. ಒಪ್ಪಿದನೋ ಇಲ್ಲವೋ, ಸರದಿಯ ಪಟ್ಟಿಯೊಂದನ್ನು ಮಾಡಿದ್ದಾನೆಂದು ಆಮೇಲೆ ತಿಳಿಯಿತು.

ನಮ್ಮ ಕಚೇರಿಗಳ ಗೋಡೆಯ ಮೇಲೆ ಕಾಯಕಕ್ಕೂ ಕೈಲಾಸಕ್ಕೂ ನಂಟು ಹಾಕುವ ಫಲಕವೊಂದು ಇದ್ದೇ ಇರುತ್ತದೆ. ಮನೆಗೆ ಹೊರಟವನನ್ನು ತಡೆದು ನಿಲ್ಲಿಸುವುದಕ್ಕೆ ಅದನ್ನು ಬೆರಳೆತ್ತಿ ತೋರಿಸುವ ಅಧಿಕಾರಿಗಳನ್ನು ನಾನು ಕಂಡಿದ್ದೇನೆ. ಆ ಮಾತು ಬಂದಿರುವುದು ಆಯ್ದಕ್ಕಿ ಮಾರಯ್ಯನ ವಚನದಿಂದ. ಆ ಮಾರಯ್ಯನ ಮನೆಯ ಕಥೆಯನ್ನು ಫಲಕ ಬರೆಸಿದವರು ಮರೆತಿರುತ್ತಾರೆ. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ. ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ನಮಗೆ ಬೇಕಾದಷ್ಟಕ್ಕಿಂತ ಮಿಗಿಲಾದದ್ದು ಆಸೆ ಎಂದು ತಿಳಿಹೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದಳು. ಕಾಯಕದ ಹಿರಿಮೆಯನ್ನು ಸಾರಿದವನ ಮನೆಯಲ್ಲಿಯೇ, ಇಂದಿಗೆ ಇಷ್ಟು ಸಾಕು ಎಂದು ಹೇಳುವ ದನಿಯೊಂದಿತ್ತು. ದುಡಿಮೆ ಎಲ್ಲಿ ಕಾಯಕ, ಎಲ್ಲಿ ಬರಿಯ ಆಸೆ ಎಂಬುದರ ಗೆರೆಯನ್ನು ಎಳೆದವಳು ಆಕೆ. ಪ್ರತಿಯೊಂದು ಸಂಸ್ಥೆಗೂ ಅಂಥದೊಂದು ದನಿ ಬೇಕು. ಕೈಕೆಳಗಿನವನು ಸಾಕು ಎಂದರೆ ಸೋಮಾರಿಯೆನಿಸಿಕೊಳ್ಳುತ್ತಾನೆ. ಆದ್ದರಿಂದ ಆ ಮಾತು ಹಿರಿಯನ ಬಾಯಿಂದಲೇ ಬರಬೇಕು.

ಮೊನ್ನೆ ಊರಿಗೆ ಹೋಗಿದ್ದೆ. ಎತ್ತುಗಳು ಈಗ ಬೆರಳೆಣಿಕೆಯಷ್ಟು ಮನೆಗಳಲ್ಲಿ ಮಾತ್ರ ಉಳಿದಿವೆ. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ; ಅದನ್ನು ಬಾಡಿಗೆಗೆ ಓಡಿಸುವ ಹುಡುಗನಿಗೂ ಇಲ್ಲ. ಪಾವಗಡದ ತಿರುಮಣಿಯ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ ಸೌರಫಲಕಗಳು ಹರಡಿಕೊಂಡಿವೆ. 2,050 ಮೆಗಾವಾಟ್ ಸಾಮರ್ಥ್ಯವೆನ್ನುತ್ತಾರೆ. ಅವು ಕೂಡ ಹೊತ್ತು ಮುಳುಗಿದ ಮೇಲೆ ದುಡಿಯುವುದಿಲ್ಲ. ಹಿಂದಿರುಗುವಾಗ ಶಿರಾ ಕಡೆ ಹೋಗಿ ಆ ಅಟೆಂಡರನ್ನು ನೋಡಿ ಬಂದೆ. ಎಂಬತ್ತು ದಾಟಿದ್ದಾರೆ. ಜಗಲಿಯ ಮೇಲೆ ಕುಳಿತು ಮೊಮ್ಮಗಳಿಗೆ ಕಡಲೆಕಾಯಿ ಬಿಡಿಸಿಕೊಡುತ್ತಿದ್ದರು. ಹಳೆಯ ಮಾತನ್ನು ನೆನಪಿಸಿದೆ. ಅವರಿಗೆ ನೆನಪಿರಲಿಲ್ಲ. "ನಾನು ಹಂಗಂದಿದ್ನಾ ಸಾರ್? ತಮಗೆ ಬ್ಯಾಸರಾಗಿತ್ತೇನೋ" ಎಂದು ಈಗ ಕ್ಷಮೆ ಕೇಳಿದರು. ಕ್ಷಮೆ ಕೇಳಬೇಕಾದವರು ಯಾರೆಂದು ಹೇಳಿ ಅವರ ಪಕ್ಕದಲ್ಲಿ ಕುಳಿತೆ.

ಈ ಮಾತುಗಳನ್ನು ಕೇಳುತ್ತಿರುವವರಲ್ಲಿ ಹತ್ತು ಜನರ ಮೇಲೋ ನೂರು ಜನರ ಮೇಲೋ ಯಜಮಾನಿಕೆ ಇರುವವರು ಇದ್ದೀರಿ. ನಾಳೆ ಸಂಜೆ ಗಂಟೆಯಾದಾಗ ದಯಮಾಡಿ ನೀವೇ ಮೊದಲು ಏಳಿ. ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಇವತ್ತೇ ವಿಚಾರಿಸಿಕೊಳ್ಳಿ. ಮನೆಗೆ ಹೋದ ಮೇಲೆ, ನೀವು ಇಷ್ಟು ವರ್ಷ ತಡವಾಗಿ ಬರುವುದಕ್ಕೆ ಅನುವು ಮಾಡಿಕೊಟ್ಟವರು ಒಳಗೆ ಏನು ಮಾಡುತ್ತಿದ್ದಾರೆ ಎಂದು ಒಮ್ಮೆ ಅಡಿಗೆಮನೆಯಲ್ಲಿ ಇಣುಕಿ ನೋಡಿ. ಸಾಧ್ಯವಾದರೆ ಆ ಕೆಲಸದಲ್ಲಿ ಒಂದು ಪಾಲನ್ನು ಕೇಳಿ ತೆಗೆದುಕೊಳ್ಳಿ. ನಾನು ಅದನ್ನು ಬಹಳ ತಡವಾಗಿ ಆರಂಭಿಸಿದೆ. ಈಗ ಬೆಳಗಿನ ಕಾಫಿ ನನ್ನದು. ಚೆನ್ನಾಗಿರುತ್ತದೆ ಎಂದು ಮನೆಯವರು ಇನ್ನೂ ಹೇಳಿಲ್ಲ.